ಗಟ್ಟಿ ಗೇರ್‌ಬಾಕ್ಸು

ಎದುರು ಸಾಲಿನ ಚಿನ್ನದಂಗಡಿ ಸಾಹುಕಾರನನ್ನು ಕಂಡರೆ ಡ್ರೈವಿಂಗ್ ಶಾಲೆಯ ಮೇಷ್ಟ್ರಿಗೆ ಮೈಯೆಲ್ಲ ಉರಿಯುತ್ತಿತ್ತು. ಸುಮ್ಮನೆ ಅಲ್ಲ. ಸಾಹುಕಾರ ಅವರ ಹತ್ತಿರ ಕಾರು ಕಲಿಯಲು ಬಂದು, ಕಂಬಕ್ಕೆ ಗುದ್ದಿ, ಕಲಿಯದೆಯೇ ಹೋಗಿದ್ದ. ಹೋದವನು ಬಾಯಿ ಮುಚ್ಚಿಕೊಂಡಿದ್ದನೇ? "ಆ ಮೇಷ್ಟ್ರಿಗೇ ನೆಟ್ಟಗೆ ಓಡ್ಸೋಕೆ ಬರಲ್ಲ, ಇನ್ನು ನಮಗೇನು ಕಲಿಸ್ತಾರೆ!" ಎಂದು ಬಳೆ ತೋರಿಸುತ್ತಲೇ ಗಿರಾಕಿಗಳ ಕಿವಿ ತುಂಬಿದ. ಶಾಲೆ ಭಣಗುಟ್ಟತೊಡಗಿತು. ಮೇಷ್ಟ್ರು ಹಲ್ಲು ಕಡಿದರು. ಆ ಮನುಷ್ಯ ಗಾಜಿನ ಪೆಟ್ಟಿಗೆಯಲ್ಲಿಟ್ಟು ಮೆರೆಸುವ ವಜ್ರದ ಹಾರವನ್ನು ಹಾಡುಹಗಲೇ ಎತ್ತಬೇಕು, ಅವನ ಕಣ್ಣೆದುರೇ ಗಾಡಿ ಓಡಿಸಿಕೊಂಡು ಮಾಯವಾಗಬೇಕು. ಹಾರಕ್ಕಿಂತ ಆ ಓಡಿಸುವುದೇ ಅವರಿಗೆ ಮುಖ್ಯ.

ಬೀಗ, ಕಾವಲು ಇವೆಲ್ಲ ಚಿಲ್ಲರೆ ಕಳ್ಳರ ಚಿಂತೆ ಎಂಬುದು ಅವರ ಅಭಿಪ್ರಾಯ. ಭಾವಮೈದನ ಗ್ಯಾರೇಜಿನ ಮೂಲೆಯಲ್ಲಿ ತುಕ್ಕು ಹಿಡಿದ ಬ್ರೆಡ್ಡಿನ ವ್ಯಾನೊಂದಿತ್ತು. ಅದಕ್ಕೆ ಅಪಘಾತವಾದ ರೇಸ್ ಕಾರಿನ ಎಂಜಿನ್ ಕೂರಿಸಿದರು. ಒಂದು ಕೈಯಲ್ಲಿ ಪೆಟ್ಟಿಗೆ, ಇನ್ನೊಂದರಲ್ಲಿ ಸ್ಟೇರಿಂಗ್ ಇರುವಾಗ ಗೇರು ಹಾಕಲು ಮೂರನೆಯ ಕೈ ಎಲ್ಲಿಂದ ತರುವುದು? ಹಾಗಾಗಿ ಆಟೋಮ್ಯಾಟಿಕ್ ಗೇರ್‌ಬಾಕ್ಸೇ ಆಗಬೇಕು.

ಯಾವುದು? ಇಲ್ಲಿ ಮೇಷ್ಟ್ರು ವಿದ್ವತ್ತು ಮೆರೆದರು. ಸಣ್ಣ ಕಾರಿನದ್ದಾದರೆ ಈ ಎಂಜಿನ್ನಿನ ಒಂದೇ ಎಳೆತಕ್ಕೆ ಒಳಗಿನ ಪ್ಲೇಟುಗಳು ಸುಟ್ಟು ಕರಕಲು. ದೊಡ್ಡ ಕಾರಿನದ್ದು ನೋಡಲು ಚೆಂದ, ಆದರೆ ಈ ಎಂಜಿನ್ನಿನ ಪೂರ್ತಿ ಬಲವನ್ನು ತಡೆಯುವಷ್ಟೇ ತಾಕತ್ತು, ಅದಕ್ಕಿಂತ ಒಂದಿಷ್ಟೂ ಹೆಚ್ಚಿಲ್ಲ. ಕಡೆಗೆ ಭಾರದ ಟ್ರೇಲರ್ ಎಳೆಯುವ ಟ್ರಕ್ಕಿನದ್ದನ್ನು ಆರಿಸಿದರು. ಇಂಥವು ಸಾಯುವುದು ಬಿಸಿಗೆ ಎಂದು ಎಣ್ಣೆ ತಣಿಸಲು ಬೇರೆ ಕೂಲರ್ ಹಾಕಿಸಿದರು. ವ್ಯಾನನ್ನು ಸ್ಟ್ಯಾಂಡಿನ ಮೇಲೆ ಎತ್ತಿ ನಿಲ್ಲಿಸಿ, ಭಾವಮೈದನನ್ನು ಒಳಗೆ ಕೂರಿಸಿ, ಗಾಳಿಯಲ್ಲಿ ಚಕ್ರ ತಿರುಗಿಸಿ ನೋಡಿದರು. ಗೇರುಗಳು ಬೆಣ್ಣೆಯಂತೆ ಬದಲಾದವು.

"ಭಾವ, ಒಂದ್ಸಲ ರೋಡಿಗೆ ಇಳಿಸಿ ನೋಡಲ್ವಾ?" ಎಂದ ಭಾವಮೈದ. ಇದು ರೇಸಿಗೆ ಎಂದೇ ಅವನು ನಂಬಿದ್ದ.

"ನಾಲ್ಕು ಜನ ನೋಡ್ಲಿ ಅಂತಲಾ? ಅರ್ಧ ಊರಿಗೆ ಲೈಸೆನ್ಸ್ ಕೊಡ್ಸಿರೋನು ನಾನು. ನನಗೇ ಓಡ್ಸೋದು ಹೇಳ್ಕೊಡ್ಬೇಡ."

ಅಂದುಕೊಂಡ ದಿನ ಎಲ್ಲವೂ ಹೂವೆತ್ತಿದಷ್ಟು ಸಲೀಸಾಯಿತು. ಹಿಂದಿನ ರಾತ್ರಿಯೇ ಭಾವಮೈದನಿಂದ ವ್ಯಾನನ್ನು ಎಳೆಸಿ ತರಿಸಿ ಅಂಗಡಿಯ ಹತ್ತಿರ ನಿಲ್ಲಿಸಿಕೊಂಡಿದ್ದರು. ಸಾಹುಕಾರ ಊಟಕ್ಕೆಂದು ಒಳಕೋಣೆಗೆ ಹೋದ. ಮುಖಕ್ಕೆ ಮಫ್ಲರ್ ಸುತ್ತಿದ್ದ ಮೇಷ್ಟ್ರು ಪೆಟ್ಟಿಗೆಯನ್ನೇ ಬಗಲಿಗೇರಿಸಿ, ಸ್ಟಾರ್ಟ್‌ನಲ್ಲೇ ಬಿಟ್ಟಿದ್ದ ವ್ಯಾನು ಹತ್ತಿದರು. ಹಿಂದೆ "ಕಳ್ಳ! ಕಳ್ಳ!" ಎಂಬ ಸಾಹುಕಾರನ ಕೂಗು. ಮೇಷ್ಟ್ರಿಗೆ ನಗು ತಡೆಯಲಾಗಲಿಲ್ಲ. ಕೂಗು ಮಾರಾಯ, ಈಗ ನೋಡು ಯಾರಿಗೆ ಓಡಿಸೋಕೆ ಬರಲ್ಲ ಅಂತ.

ಆಕ್ಸಿಲರೇಟರ್ ಅದುಮಿದರು. ವ್ಯಾನು ಚಂಗನೆ ನೆಗೆಯಿತು. ಎಂಜಿನ್ನಿನ ಸದ್ದು ಏರಿತು, ಇನ್ನಷ್ಟು ಏರಿತು. ಆ ಸದ್ದಿಗೆ ಇಷ್ಟು ವರ್ಷ ಏನು ಮಾಡುತ್ತಿತ್ತೋ ಅದನ್ನೇ ಅವರ ಎಡಗಾಲು, ಯಾರನ್ನೂ ಕೇಳದೆ, ಬಲವಾಗಿ ಮಾಡಿತು. ವ್ಯಾನು ಕಿರುಚುತ್ತ ಗಕ್ಕನೆ ನಿಂತಿತು. ಪೆಟ್ಟಿಗೆ ವ್ಯಾನಿನ ಮುಂದಿನ ಗಾಜು ಒಡೆದುಕೊಂಡು ರಸ್ತೆಗೆ ಹಾರಿತು, ಮೇಷ್ಟ್ರ ಹಣೆ ಸ್ಟೇರಿಂಗಿಗೆ ಬಡಿಯಿತು, ಮಫ್ಲರ್ ಕತ್ತಿಗೆ ಜಾರಿತು. ಗೇರ್‌ಬಾಕ್ಸಿಗೆ ಮಾತ್ರ ಏನೂ ಆಗಲಿಲ್ಲ. ಏದುಸಿರು ಬಿಡುತ್ತ ಬಂದ ಸಾಹುಕಾರ ಕಿಟಕಿಯಲ್ಲಿ ಇಣುಕಿ, ಗುರುತು ಹಿಡಿದು, ಅವರ ಕಾಲಿನತ್ತ ನೋಡಿದ. "ಅಯ್ಯೋ ಮೇಷ್ಟ್ರೇ, ನಿಮ್ಮ ಹತ್ರ ಕಲಿಯೋಕಾಗ್ದೆ ನಾನೂ ಇಂಥದ್ದೇ ತಗೊಂಡೆ. ಇದ್ರಲ್ಲಿ ಕ್ಲಚ್ಚೇ ಇರಲ್ಲ. ನೀವು ತುಳಿದಿರೋದು ಬ್ರೇಕು."