ಹೊಸ್ತಿಲ ಕಡೆ ತಿರುಗಿದ ಪಾದ

“ಒಳಗೆ ಬರಬೇಕಾದ ಮಹಾಲಕ್ಷ್ಮಿ ಹೊರಗೆ ಹೊರಟಿದ್ದಾಳಲ್ಲ, ಯಾಕೆ?”

ಸೇಬತಿ ಮೌಸಿ ಯಾರ ಮುಖವನ್ನೂ ನೋಡದೆ ಕೇಳಿದರು. ಸಾರಥಿ ಬಾಬುವಿನ ಮನೆಯ ಮಹಡಿಯಲ್ಲಿ ಬಾಡಿಗೆಗಿದ್ದ, ಊರೆಲ್ಲ ಚಿಕ್ಕಮ್ಮನೆಂದು ‘ಮೌಸಿ’ ಅನ್ನುತ್ತಿದ್ದ ಈ ನಿವೃತ್ತ ಪೋಸ್ಟ್‌ಮಾಸ್ತರರು ಭವಾನಿಪಟ್ನಾದ ಎಷ್ಟೋ ಕಳವುಗಳನ್ನು ಕೂತಲ್ಲೇ ಪತ್ತೆಹಚ್ಚಿದವರು. ಮಾರ್ಗಶಿರದ ಗುರುವಾರವೆಂದು ಬಾಬುವಿನ ಹೆಂಡತಿ ಲಾವಣ್ಯ ನಸುಕಿನಲ್ಲೇ ಹೊಸ್ತಿಲಿಂದ ದೇವರ ಕೋಣೆಯ ತನಕ ಅಕ್ಕಿಹಿಟ್ಟಿನಲ್ಲಿ ದೇವಿಯ ಹೆಜ್ಜೆ ಬರೆದಿದ್ದರು. ಎಲ್ಲ ಒಣಗಿದ್ದವು. ಒಂದು ಮಾತ್ರ ಹಸಿಯಾಗಿತ್ತು, ಅದರ ಬೆರಳುಗಳು ಹೊಸ್ತಿಲ ಕಡೆಗಿದ್ದವು.

“ಹೆಜ್ಜೆ ಹಾಳಾಗ್ಲಿ ಮೌಸಿ, ಫಾರಂ ಹುಡುಕಿ!” ದಿಗಂಬರ ಕೂಗಿದ. ಬಾಬುವಿನ ಅಣ್ಣನ ಮಗ; ಆಗಷ್ಟೇ ಜೀಪಿನಿಂದ ಇಳಿದಿದ್ದ, ಗಡ್ಡದ ತುಂಬ ಕೆಂಧೂಳು.

ಐದು ಸಲ ಶಾಸಕರಾಗಿ, ಒಮ್ಮೆ ಮಂತ್ರಿಯೂ ಆಗಿದ್ದ ಸಾರಥಿ ಬಾಬುವಿನ ಬಿ-ಫಾರಂ ದೇವರ ಶಂಖದ ಕೆಳಗಿಂದ ಮಾಯವಾಗಿತ್ತು. ಮಧ್ಯಾಹ್ನ ಮೂರಕ್ಕೆ ನಾಮಪತ್ರದ ಗಡುವು. ಭುವನೇಶ್ವರದಿಂದ ಇನ್ನೊಂದು ತರಿಸುವಷ್ಟು ಹೊತ್ತಿಲ್ಲ.

“ಇವನೇ ಕದ್ದಿದ್ದು,” ದಿಗಂಬರ ಉಲ್ಲಾಸನತ್ತ ಬೆರಳು ತೋರಿದ. “ಮೊನ್ನೆ ಎದುರು ಪಕ್ಷದವರ ಜೊತೆ ಚಹಾ ಕುಡೀತಿದ್ದ. ಪೊಲೀಸರು ಬರ್ತಿದಾರೆ.”

ಇಪ್ಪತ್ತಾರು ವರ್ಷ ಬಾಬುವಿನ ಒಂದೊಂದು ಭಾಷಣವನ್ನೂ ಬರೆದವನು ಉಲ್ಲಾಸ. ಈಗ ಬಸ್ಸಿಳಿದು ನೇರ ಬಂದವನ ಹೆಗಲಿನ ಚೀಲ ಇನ್ನೂ ಹೆಗಲಲ್ಲೇ ಇತ್ತು. ಬಾಬುವಿನ ಕಡೆ ನೋಡಿದ. ಹಣೆಗೆ ಗಂಧವಿಟ್ಟು ಒದ್ದೆ ಕೂದಲು ಬಾಚಿದ್ದ ಬಾಬು ಗೇಟಿನ ಕಡೆ ಮುಖ ತಿರುಗಿಸಿದರು.

“ಲಾವಣ್ಯಾ, ಉಳಿದ ಹಿಟ್ಟೆಲ್ಲಿ?” ಮೌಸಿ ಕೇಳಿದರು.

“ಅಡುಗೆಮನೇಲಿ. ಸ್ನಾನ ಮಾಡದವರನ್ನ ಇವತ್ತು ಅಲ್ಲಿಗೆ ಬಿಟ್ಟಿಲ್ಲ.”

ಮೌಸಿ ಮೇಲೆದ್ದರು. “ಎಲ್ಲರೂ ಇಲ್ಲಿ ಕೂತ್ಕೊಳ್ಳಿ. ಕಳ್ಳ ಫಾರಂ ತಗೊಂಡು ದೇವರ ಕೋಣೆಯಿಂದ ಬರುವಾಗ ಒಂದು ಹೆಜ್ಜೆ ತುಳಿದ. ಬೇರೆಯವನಾಗಿದ್ರೆ ಹಾಗೇ ಹೋಗ್ತಿದ್ದ. ಇವನಿಗೆ ಭಕ್ತಿ, ಹೆಂಡತಿಯ ಕಣ್ಣೀರಿನ ಭಯವೂ ಇತ್ತು. ಹಿಟ್ಟು ತಂದು ಹೊಸದಾಗಿ ಬರೆದ. ಆದರೆ ಹೊಸ್ತಿಲ ಕಡೆ ಮುಖ ಮಾಡಿ ಕೂತು, ತನ್ನ ಪಾದ ಹೇಗೆ ಕಾಣ್ತದೋ ಹಾಗೇ ಬರೆದ. ಈ ತಪ್ಪು ನಮ್ಮ ಹೆಂಗಸರಿಂದ ಆಗಲ್ಲ. ಹಾಗಾದ್ರೆ ಗಂಡಸು. ದಿಗಂಬರನ ಗಡ್ಡದಲ್ಲಿ ಧೂಳು, ಉಲ್ಲಾಸನ ಹೆಗಲಲ್ಲಿ ಚೀಲ. ಸ್ನಾನ ಮಾಡಿ ಅಡುಗೆಮನೆ ಹೊಕ್ಕ ಗಂಡಸು ಒಬ್ಬನೇ. ಬಾಬು, ಒಳಜೇಬು ತೋರಿಸಿ. ಪಕ್ಷದ ಅಧ್ಯಕ್ಷರ ಸಹಿಯಿರೋ ಕಾಗದ ಹರಿಯೋಕೆ ನಿಮಗೆ ಕೈ ಬರಲ್ಲ.”

ಬಾಬುವಿನ ಕೈ ಜೇಬಿಗೆ ಹೋಯಿತು. ನಾಲ್ಕಾಗಿ ಮಡಿಸಿದ ಫಾರಂ ಹೊರಬಂತು.

“ಈ ಸಲ ಸೋಲ್ತೀನಿ ಮೌಸಿ,” ಎಂದರು ಬಾಬು. “ಹಳ್ಳಿಗಳಲ್ಲಿ ಜನ ಹಾರ ಹಾಕಿ ಸುಮ್ಮನೆ ಕೂರ್ತಾರೆ. ಸೋಲೋದಕ್ಕಿಂತ ಕಳವಾಯ್ತು ಅನ್ನೋದೇ ಮರ್ಯಾದೆ ಅನ್ನಿಸ್ತು.”

“ನಿಮ್ಮ ಮರ್ಯಾದೆಗೆ ಇವನು ಜೈಲಿಗಾ?” ಲಾವಣ್ಯ ಸಿಡಿದರು.

ಗೇಟಿನಾಚೆ ಕ್ಯಾಮೆರಾ ಹೊತ್ತ ಪತ್ರಕರ್ತರು ಗದ್ದಲ ಎಬ್ಬಿಸಿದ್ದರು. ಬಾಬು ಕಣ್ಣೊರೆಸಿಕೊಂಡು ಉಲ್ಲಾಸನ ಭುಜ ಹಿಡಿದರು. “ಇನ್ನೂ ಹೊತ್ತಿದೆ ಕಣಪ್ಪಾ. ಎದುರು ಪಕ್ಷದವರು ಕದ್ದು, ಹೆದರಿ ಎಸೆದು ಹೋದರು ಅಂತ ನಾಲ್ಕು ಸಾಲು ಬರೆದುಕೊಡು. ಓದಿಬಿಟ್ಟು ನಾಮಪತ್ರಕ್ಕೆ ಹೋಗೋಣ.”

ಉಲ್ಲಾಸ ಭುಜದ ಮೇಲಿನ ಕೈಯನ್ನು ಮೆಲ್ಲಗೆ ಇಳಿಸಿದ.

“ಬರೆಯಲ್ಲ, ಬಾಬು.”