ಹಗಲಲ್ಲಿ ಹೇಳಿದ ಅರ್ಧ ಕಥೆ

ಒಂದಾನೊಂದು ಕಾಲದಲ್ಲಿ, ಕಡಲ ಕಡೆಗೆ ಕಿಟಕಿಯಿದ್ದ ಒಂದು ಮನೆಯಲ್ಲಿ ಒಂದು ಪೆಟ್ಟಿಗೆಯಿತ್ತು. ಅದರ ಕಣ್ಣು, ಹೊಟ್ಟೆ, ನೆನಪು ಎಲ್ಲವೂ ಒಂದೇ ಮೈಯಲ್ಲಿದ್ದವು. ಒಂದು ದಿನ ಆ ಕಣ್ಣು ಮುಚ್ಚಿಹೋಯಿತು...

ತೀರಾ ಹಿಂದಿನ ಮಾತಲ್ಲ. ತೊಂಬತ್ತರ ದಶಕದ ಒಂದು ಕಾರ್ತೀಕ. ಊರು ವಿಶಾಖಪಟ್ಟಣ.

"ಮುಟ್ಟಬ್ಯಾಡ್ರಿ!"

ಮಂಗಳಾಗೌರಿಯ ಕೈಯಿಂದ ಸ್ಕ್ರೂಡ್ರೈವರ್ ಜಾರಿ ಬಿತ್ತು. ಬಾಗಿಲಲ್ಲಿದ್ದವನು ಎರಡೇ ಹೆಜ್ಜೆಗೆ ಬಂದು ಅವಳ ಮಣಿಕಟ್ಟು ಹಿಡಿದಿದ್ದ.

"ಪ್ಲಗ್ ತೆಗೆದಿದ್ದೀನಿ," ಎಂದಳು.

"ತೆಗೆದ್ರೂ ಒಳಗ ಕರೆಂಟ್ ಉಳಿದಿರ್ತೈತ್ರಿ. ಸತ್ತಂಗ ಕಾಣ್ತೈತಿ, ಅಷ್ಟೇ."

ಅವನು ಕಾಮೇಶ್ವರ. ಗೌರಿಯೇ ಫೋನ್ ಮಾಡಿ ಕರೆಸಿದ್ದ ವಿಜಯವಾಡದ ರಿಪೇರಿ ಅಂಗಡಿಯವನು. ತಂದೆ ತೆಲುಗಿನವರು, ತಾಯಿ ಬಳ್ಳಾರಿಯವರು. ತಾಯಿ ಹೋದ ಮೇಲೆ ಅವನ ಕನ್ನಡ ಕೇಳುವವರೇ ಇರಲಿಲ್ಲವಂತೆ.

ಕೈ ಬಿಟ್ಟ ಮೇಲೂ ಅವಳ ಮಣಿಕಟ್ಟು ಬಿಸಿಯಾಗಿಯೇ ಇತ್ತು.

ವರ್ಗವಾಗಿ ಹೋದ ನೌಕಾಪಡೆಯ ಅಧಿಕಾರಿಯೊಬ್ಬರು ಅವಳ ಅಪ್ಪನಿಗೆ ಪ್ರಿಂಟರಿನ ಜೊತೆ ಕೊಟ್ಟುಹೋದ ಕಂಪ್ಯೂಟರ್ ಅದು. ಪರದೆ ಬೇರೆ, ಡಬ್ಬಿ ಬೇರೆ ಅಲ್ಲ, ಎಲ್ಲ ಒಂದೇ. ಅಜ್ಜಿ ಹಾಸಿಗೆ ಹಿಡಿದಾಗ ಒಂದೊಂದಾಗಿ ಏಳು ಕಥೆ ಹೇಳಿದ್ದಳು, ಗೌರಿ ನೇರ ಅದರಲ್ಲೇ ಟೈಪ್ ಮಾಡಿದ್ದಳು. ಕಾಗದದ ಮೇಲೆ ಒಂದಕ್ಷರವೂ ಇರಲಿಲ್ಲ.

"ಏಳನ್ನೂ ಅಚ್ಚು ಹಾಕಿ, ನನ್ನ ವರ್ಷದ ತಿಥಿ ದಿನ ಫೋಟೋ ಮುಂದೆ ಇಡ್ತೀಯಾ?"

"ಇಡ್ತೀನಿ ಅಜ್ಜಿ."

ಆರು ಟೈಪಾಗಿದ್ದವು. ಏಳನೆಯದು ಅವಳ ನೆನಪಿನಲ್ಲಷ್ಟೇ ಇತ್ತು. ತಿಥಿ ಬರುವ ಭಾನುವಾರ.

ಕಡಲ ಉಪ್ಪುಗಾಳಿ ಒಳಗೆಲ್ಲ ತುಕ್ಕು ಹಿಡಿಸಿತ್ತು. ಪರದೆ ಬೆಳಗಿಸುವ ಬೋರ್ಡ್ ಹೋಗಿದೆ, ವಿಜಯವಾಡಕ್ಕೇ ಒಯ್ದು ಹಾಕಬೇಕು, ಗುರುವಾರ ತಂದುಕೊಡುತ್ತೇನೆ ಎಂದ ಕಾಮೇಶ್ವರ. ರೈಲಿಗೆ ಇನ್ನೂ ಹೊತ್ತಿತ್ತು. ಏಳನೆಯ ಕಥೆ ಏನೆಂದು ಕೇಳಿದ.

ಗೌರಿ ತಡೆದಳು. ಹಗಲು ಹೊತ್ತಿನಲ್ಲಿ ಕಥೆ ಹೇಳಿದರೆ ದಾರಿಯಲ್ಲಿರುವವರು ದಾರಿ ತಪ್ಪುತ್ತಾರೆಂದು ಅಜ್ಜಿ ಯಾವತ್ತೂ ದೀಪ ಹಚ್ಚುವ ಮೊದಲು ಬಾಯಿ ತೆರೆದವಳಲ್ಲ. ಆದರೆ ತಾಯಿಯ ಭಾಷೆಗೆ ಹಸಿದ ಆ ಕಣ್ಣುಗಳು...

ಹೇಳಿದಳು. ಕಡಲಾಚೆಗೆ ಹೊರಟ ಗಂಡನ ಅಂಗಿಗೆ ಹೆಂಡತಿ ನೂಲಿನ ತುದಿ ಕಟ್ಟಿದಳು. ಅವನು ದೂರವಾದಂತೆ ಉಂಡೆ ಬಿಚ್ಚುತ್ತಾ ಹೋಯಿತು. ಅರ್ಧ ದಾರಿಗೆ ನೂಲು ಮುಗಿಯಿತು.

"ಮುಂದ?"

ಹೊರಗೆ ಆಟೋದವನು ಹಾರ್ನ್ ಹೊಡೆದ. ಉಳಿದದ್ದು ಬಂದಾಗ ಕೇಳುತ್ತೇನೆಂದು ಕಾಮೇಶ್ವರ ಪೆಟ್ಟಿಗೆ ಎತ್ತಿಕೊಂಡು ಹೋದ. ಕಡಲ ಮೇಲೆ ಆಕಾಶ ಸೀಸದ ಬಣ್ಣಕ್ಕೆ ತಿರುಗಿತ್ತು.

ಬುಧವಾರ ಸಂಜೆ ಚಂಡಮಾರುತ ಬಂತು. ಗುರುವಾರ ಅವನು ಬರಲಿಲ್ಲ. ಶುಕ್ರವಾರವೂ ಇಲ್ಲ. ಗುರುತಿಲ್ಲದವನ ಕೈಗೆ ಕೊಟ್ಟೆಯಲ್ಲ, ಈಗ ಯಾವ ಊರಲ್ಲಿ ಮಾರಿದ್ದಾನೋ ಎಂದು ಅಪ್ಪ ಗೊಣಗಿದರು. ಗೌರಿ ಅಂಗಡಿಯ ನಂಬರಿಗೆ ಮತ್ತೆ ಮತ್ತೆ ಫೋನ್ ಮಾಡಿದಳು, ತಾಗಲಿಲ್ಲ.

ಶನಿವಾರ ಬೆಳಗ್ಗೆ ವಿಜಯವಾಡದ ಅಂಗಡಿಗೆ ಫೋನು ತಾಗಿತು. ಎತ್ತಿಕೊಂಡವರು ಅವನ ಚಿಕ್ಕಪ್ಪ ದುರ್ಗಾಪ್ರಸಾದ್. ನಿಮ್ಮ ಹುಡುಗ ನನ್ನ ಅಜ್ಜಿಯನ್ನೇ ಕದ್ದುಕೊಂಡು ಹೋದ ಎಂದು ಗೌರಿ ತೆಲುಗಿನಲ್ಲೇ ಅಂದುಬಿಟ್ಟಳು.

ಮುದುಕರು ತಡೆತಡೆದು ಹೇಳಿದರು. ಪೆಟ್ಟಿಗೆ ಸರಿಮಾಡಿಕೊಂಡು ಬುಧವಾರವೇ ರೈಲು ಹತ್ತಿದ. ಹಳಿ ನೀರಲ್ಲಿದೆಯಂತಮ್ಮಾ. ಅವನ ಸುದ್ದಿಯೇ ಇಲ್ಲ...

ಗೌರಿ ಫೋನಿನಲ್ಲೇ ಅತ್ತುಬಿಟ್ಟಳು. ಕಥೆಗಳ ಯೋಚನೆ ಎಲ್ಲಿ ಹೋಯಿತೋ. ನಾನೇ ಹೇಳಿದೆ. ಹಗಲಲ್ಲಿ ಹೇಳಿದೆ. ನೂಲು ಮುಗಿದಲ್ಲಿ ನಿಲ್ಲಿಸಿ ಅವನನ್ನು ಕಳಿಸಿದೆ.

ಭಾನುವಾರ ಬೆಳಗ್ಗೆ, ಪುರೋಹಿತರು ಬರುವ ಮೊದಲೇ, ಬಾಗಿಲ ಮುಂದೆ ಲಾರಿಯೊಂದು ನಿಂತಿತು. ಹಸಿ ಬೆಲ್ಲದ ವಾಸನೆ ಮನೆಯೊಳಗೆ ನುಗ್ಗಿತು. ಅನಕಾಪಲ್ಲಿಯ ಬೆಲ್ಲದ ಮೂಟೆಗಳ ನಡುವಿನಿಂದ ಕಾಮೇಶ್ವರ ಇಳಿದ. ಕಾಲಿಗೆ ಬಟ್ಟೆ ಸುತ್ತಿತ್ತು. ಮೈಮೇಲೆ ಬನಿಯನ್ನು ಮಾತ್ರ. ಅಂಗಿ, ಹೊದಿಕೆ, ಗೋಣಿ ಎಲ್ಲ ಪೆಟ್ಟಿಗೆಗೆ ಸುತ್ತಿದ್ದ.

"ತುನಿ ಹತ್ರ ರೈಲು ನಿಂತುಬಿಡ್ತು. ಇಳಿದು ನಡೆದೆ. ನೀರಾಗ ದಾರಿ ತಪ್ಪಿತ್ರಿ," ಎಂದ.

ಗೌರಿಗೆ ಅಜ್ಜಿಯ ಮಾತು ನೆನಪಾಯಿತು.

"ಇದನ್ನ ಬಿಟ್ಟು ಬರಬಾರದಿತ್ತಾ?"

"ಬಿಟ್ಟು ಬಂದ್ರ ನಿಮ್ಮ ಮುಖ ಹೆಂಗ ನೋಡ್ಲಿ?"

"ನಾನು ನಿಮ್ಮನ್ನ ಕಳ್ಳ ಅಂದೆ," ಎಂದಳು. ಕಣ್ಣು ತುಂಬಿತ್ತು.

"ಲಾರಿ ಸಿಗೋಕಿಂತ ಮೊದಲು ಚಿಕ್ಕಪ್ಪಗ ಫೋನ್ ಮಾಡಿದ್ದೆ. ಹೇಳಿದ್ರು." ಅವನು ಮೆಲ್ಲಗೆ ನಕ್ಕ. "ಆ ಹುಡುಗಿ ಆಮೇಲೆ ಅತ್ತಳು ಅಂತಾನೂ ಹೇಳಿದ್ರು."

ಅಪ್ಪ ಒಳಗಿನಿಂದ ತಮ್ಮದೇ ಒಂದು ಅಂಗಿ ತಂದುಕೊಟ್ಟರು.

ಸ್ವಿಚ್ ಹಾಕಿದರು. ಕಪ್ಪು... ಇನ್ನೂ ಕಪ್ಪು... ಆಮೇಲೆ ಗಾಜಿನ ಒಳಗಿನಿಂದ ಬೆಳಕು ಎದ್ದಿತು. ಆರೂ ಕಥೆಗಳು ಇದ್ದವು. ಗೌರಿ ಕೀಲಿಗಳ ಮೇಲೆ ಬೆರಳಿಟ್ಟಳು. ಅರ್ಧದವರೆಗೆ ಸರಸರನೆ ಟೈಪ್ ಮಾಡಿ ನಿಲ್ಲಿಸಿದಳು.

"ನೂಲು ಮುಗೀತು. ಮುಂದ?"

"ಇದು ಹಗಲು," ಎಂದಳು. "ಮತ್ತೆ ದಾರಿ ತಪ್ಪಿಸಲಾರೆ."

"ಹೇಳ್ರಿ. ನಾ ಇನ್ನ ಎಲ್ಲಿಗೂ ಹೊಂಟಿಲ್ಲ."

ಅವಳು ತಿರುಗಿ ನೋಡಿದಳು. ಅವನು ನಗುತ್ತಿರಲಿಲ್ಲ.

"ಅವಳು ಉಟ್ಟ ಸೀರೆಯ ಎಳೆ ಬಿಚ್ಚಿ ನೂಲಿಗೆ ಸೇರಿಸಿದಳು," ಗೌರಿ ಹೇಳುತ್ತಲೇ ಟೈಪ್ ಮಾಡಿದಳು. "ಸೆರಗು ಮುಗಿಯುವ ಹೊತ್ತಿಗೆ, ಆ ಕಡೆಯಿಂದ ಯಾರೋ ಮೆಲ್ಲಗೆ ಜಗ್ಗಿದ ಹಾಗಾಯಿತು."

"ಬಂದನಾ?"

"ಬಂದ," ಎಂದಳು. "ಬೆಲ್ಲದ ವಾಸನೆ ಬರ್ತಿತ್ತು."

ಪ್ರಿಂಟರು ಗರಗರ ಎಂದು ಕೊನೆಯ ಹಾಳೆ ಹೊರಹಾಕಿತು. ಏಳೂ ಕಥೆಗಳನ್ನು ಜೋಡಿಸಿ, ಮೂಲೆಗೆ ದಾರ ಪೋಣಿಸಿದಳು. ಗಂಟು ಹಾಕುವಾಗ ಅವನು ಬೆರಳಿಟ್ಟು ಹಿಡಿದುಕೊಂಡ. ಗೌರಿ ಎದ್ದು, ಅದನ್ನು ಅಜ್ಜಿಯ ಫೋಟೋ ಮುಂದೆ ಇಟ್ಟಳು.