ಆಯಿಯ ಹೊಲದ ಮೇಲೆ ಹದ್ದು

“ಸರ್, ಆ ಡಬ್ಬ್ಯಾಗ ಏನದರಿ?”

ಪ್ರಣಿತಾ ಎರಡನೇ ಸಲ ಕೇಳಿದಳು. ಸುಮಿತ ಸರ್ ಈ ಸಲವೂ ಉತ್ತರ ಕೊಡಲಿಲ್ಲ. ಶೂ ಡಬ್ಬವೊಂದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ತೊಗರಿ ಸಾಲಿನ ಪಕ್ಕದಲ್ಲಿ ಬಗ್ಗಿ ಬಗ್ಗಿ ನಡೆಯುತ್ತಿದ್ದರು. ಡಬ್ಬದ ಮುಚ್ಚಳದಲ್ಲಿ ಸಣ್ಣ ಸಣ್ಣ ತೂತುಗಳಿದ್ದವು. ಒಳಗೆ ಏನೋ ಕರಕರ ಕೆರೆಯುತ್ತಿತ್ತು.

“ಚುಪ್ ಕೂಡು, ಪ್ರಣಿ. ಹದ್ದು ಹಾರಿ ಹೋಗ್ತದ,” ಎಂದು ಸುಶೀಲ ಮಾಮಾ ಪಿಸುಗುಟ್ಟಿದ.

ಹದ್ದು ಕರೆಂಟಿನ ತಂತಿಯ ಮೇಲೆ ಕೂತಿತ್ತು. ಪಾರಿವಾಳಕ್ಕಿಂತ ತುಸು ದೊಡ್ಡದು. ಬೂದು ಬೆನ್ನು, ಬಿಳಿ ಹೊಟ್ಟೆ, ಕೆಂಪು ಕಣ್ಣು.

ಸಾಯಗಾಂವದ ಈ ಹೊಲ ಪ್ರಣಿತಾಳ ಆಯಿಯದು, ಅಂದರೆ ಅವಳ ಅಮ್ಮನ ತಾಯಿ ಗಿರಿಜಾಬಾಯಿಯದು. ಮಾಮಾನಿಗೆ ಬೀದರಿನ ಬ್ಯಾಂಕಿನಲ್ಲಿ ಕೆಲಸ. ರವಿವಾರ ಬಂತೆಂದರೆ ಅವನು ಕ್ಯಾಮೆರಾ ಹೆಗಲಿಗೆ ಹಾಕಿಕೊಂಡು, ಐದನೇ ಕ್ಲಾಸಿನ ಸೋದರಸೊಸೆ ಪ್ರಣಿತಾಳನ್ನು ಬೈಕಿನ ಹಿಂದೆ ಕೂಡಿಸಿಕೊಂಡು ಇಲ್ಲಿಗೆ ಬರುತ್ತಿದ್ದ. ಹಾರುವ ಹದ್ದಿನ ಫೋಟೋ ತೆಗೆಯುವುದು ಹೇಗೆಂದು ಅವಳಿಗೂ ಕಲಿಸಿದ್ದ. “ಹಕ್ಕಿ ಜೊತಿ ನಿನ್ನ ಸೊಂಟಾನೂ ತಿರುಗಬೇಕು. ಬರೇ ಕೈ ತಿರುಗಿದ್ರ ಫೋಟೋ ಅಲ್ಲಾಡ್ತದ,” ಅನ್ನುತ್ತಿದ್ದ.

ಇವತ್ತು ಅವರ ಜೊತೆ ಸುಮಿತ ಸರ್ ಬಂದಿದ್ದರು. ಬೀದರಿನಲ್ಲಿ ಅವರದೊಂದು ಸ್ಟುಡಿಯೋ ಇತ್ತು. ಮಾಮಾ ಕ್ಯಾಮೆರಾ ಹಿಡಿಯಲು ಕಲಿತದ್ದು ಅವರಿಂದಲೇ. ಹದ್ದು ಕಾಲು ಮುಂದೆ ಚಾಚಿ, ನೇರ ಕ್ಯಾಮೆರಾದ ಕಡೆಗೇ ಇಳಿಯುವ ಫೋಟೋ ಅವರಿಗೆ ಬೇಕಿತ್ತು. ಕಾಂಪಿಟೇಷನ್‌ಗೆ ಕಳಿಸುವುದಕ್ಕೆ.

ಸರ್ ಹೊಲದ ನಡುವೆ ಒಂದು ಮೊಳೆ ನೆಟ್ಟರು. ಡಬ್ಬ ತೆರೆದು ಬಿಳಿ ಇಲಿಯೊಂದನ್ನು ಬಾಲ ಹಿಡಿದು ಎತ್ತಿದರು. ಅದರ ಹಿಂಗಾಲಿಗೆ ತೆಳ್ಳಗಿನ ದಾರ ಕಟ್ಟಿತ್ತು. ದಾರದ ಇನ್ನೊಂದು ತುದಿಯನ್ನು ಮೊಳೆಗೆ ಸುತ್ತಿ, ಓಡಿ ಬಂದು ತೊಗರಿ ಮರೆಯಲ್ಲಿ ಕ್ಯಾಮೆರಾ ಹಿಡಿದು ಕೂತರು.

ಇಲಿ ಓಡಿತು. ಗೇಣಷ್ಟು ದೂರ ಹೋಗುವಷ್ಟರಲ್ಲಿ ದಾರ ಜಗ್ಗಿ ಮಗುಚಿ ಬಿತ್ತು. ಎದ್ದು ಈ ಕಡೆ ಓಡಿತು. ಮತ್ತೆ ಬಿತ್ತು.

ಪ್ರಣಿತಾಳ ಕಿವಿ ಬಿಸಿಯಾದವು.

“ಮಾಮಾ, ಅದನ್ನ ಯಾಕ ಕಟ್ಯಾರ? ಬಿಡು ಅಂತ ಹೇಳು!”

“ಒಂದ್ ನಿಮಿಷ, ಪ್ರಣಿ.”

“ಹೇಳು ಮಾಮಾ!”

ಮಾಮಾ ಅವಳ ಕಡೆ ನೋಡಲಿಲ್ಲ. ಹದ್ದು ತಂತಿ ಬಿಟ್ಟು ಮೇಲೆದ್ದಿತ್ತು. ಅವನೂ ಕ್ಯಾಮೆರಾವನ್ನು ಕಣ್ಣಿಗೆ ಹಿಡಿದಿದ್ದ!

ಆಮೇಲೆ ಪ್ರಣಿತಾ ಯಾರನ್ನೂ ಕೇಳಲಿಲ್ಲ. ಎದ್ದವಳೇ ಹೊಲದ ನಡುವಿಗೆ ಓಡಿದಳು. ಸೋಯಾ ಕೊಯ್ದ ಕೂಳೆ ಅವಳ ಕಾಲಿಗೆ ಚುಚ್ಚಿತು. ತಲೆಯ ಮೇಲೆ ಬಂದಿದ್ದ ಹದ್ದು ರಪ್ಪನೆ ಪಕ್ಕಕ್ಕೆ ತಿರುಗಿ ದೂರ ಹೋಯಿತು. ಅವಳು ಮೊಳೆ ಕಿತ್ತು, ಇಲಿಯನ್ನು ಎರಡೂ ಅಂಗೈಯಲ್ಲಿ ಮುಚ್ಚಿಕೊಂಡಳು.

“ಏ ಹುಡುಗಿ! ತಲಿ ಕೆಟ್ಟದೇನು ನಿಂದು?” ಸುಮಿತ ಸರ್ ಕೂಗುತ್ತಾ ಬಂದರು. “ಎಷ್ಟು ವಾರದಿಂದ ಕಾಯ್ಲಕತ್ತೀನಿ ಗೊತ್ತದೇನು?”

“ಅದರ ಕಾಲಿಗಿ ದಾರ ಕಟ್ಟೀರಿ!”

“ಹದ್ದು ಇಲಿ ತಿನ್ನಂಗಿಲ್ಲೇನು? ನೀವು ಮನ್ಯಾಗ ಕೋಳಿ ತಿನ್ನಂಗಿಲ್ಲೇನು? ಅದಕ್ಕ ಊಟಾನ ಹಾಕೀನಲ್ಲ!”

ಪ್ರಣಿತಾ ಬಾಯಿ ತೆರೆದಳು. ಅವರ ಮನೆಯಲ್ಲಿ ಕೋಳಿ ಮಾಡುತ್ತಿದ್ದುದು ನಿಜ. ಅವಳಿಗೂ ಅದು ಸೇರುತ್ತಿತ್ತು. ಇದು ಬೇರೆ, ಅದು ಬೇರೆ ಎಂದು ಹೇಳಬೇಕಿತ್ತು. ಹೇಗೆಂದು ತಿಳಿಯಲಿಲ್ಲ. ಸಿಟ್ಟಿಗೆ ಕಣ್ಣಲ್ಲಿ ನೀರು ಬಂತು. ನೀರು ಬಂದದ್ದಕ್ಕೆ ಇನ್ನಷ್ಟು ಸಿಟ್ಟು ಬಂತು.

“ಇದು ನಮ್ಮ ಆಯಿ ಹೊಲ! ಇಲ್ಲಿ ಹಿಂಗ ಮಾಡೂದು ಬ್ಯಾಡ!”

“ಸುಶೀಲ, ನಿನ್ನ ಸೊಸಿಗಿ ಹೇಳು. ಇಲಿ ಕೊಡಸು ಈ ಕಡಿ.”

ಮಾಮಾ ಹತ್ತಿರ ಬಂದು ನಿಂತ. ಪ್ರಣಿತಾಳ ಬೆರಳ ಸಂದಿಯಲ್ಲಿ ಇಲಿಯ ಕಾಲು ಕಾಣುತ್ತಿತ್ತು. ದಾರ ಕೊಯ್ದು ರಕ್ತ ಬಂದಿತ್ತು. ಅವನು ಅದನ್ನೇ ನೋಡಿದ.

“ಸರ್,” ಎಂದ ಮಾಮಾ. ಅವನ ದನಿ ಸಣ್ಣದಾಗಿತ್ತು. “ಅಕಿ ಅಂದದ್ದು ಖರೇ ಅದರಿ. ಇಲ್ಲಿ ಬ್ಯಾಡ್ರಿ.”

“ನಾ ಕ್ಯಾಮೆರಾ ಕಲಿಸೀನಿ ನಿನಗ!”

“ಹೌದ್ರಿ ಸರ್. ಆದ್ರೂ ಬ್ಯಾಡ್ರಿ.”

ಸುಮಿತ ಸರ್ ಕ್ಯಾಮೆರಾ ಬ್ಯಾಗಿನ ಜಿಪ್ಪನ್ನು ಜೋರಾಗಿ ಎಳೆದರು. “ಇನ್ನ ನನ್ನ ಸ್ಟುಡಿಯೋ ಕಡಿ ಬರಬ್ಯಾಡ,” ಎಂದು ಹೇಳಿ ಕಾರು ಹತ್ತಿದರು. ಕಾರಿನ ಧೂಳು ಭಾಲ್ಕಿ ರಸ್ತೆಯವರೆಗೂ ಎದ್ದಿತು.

ಮಾಮಾ ಹಲ್ಲಿನಿಂದ ದಾರ ಕಡಿದ. ಸರ್ ಬಿಟ್ಟುಹೋಗಿದ್ದ ಡಬ್ಬದಲ್ಲಿ ಇಲಿಯನ್ನು ಮೆಲ್ಲಗೆ ಇಟ್ಟ. ಪ್ರಣಿತಾ ಅವನಿಂದ ದೂರ ಹೋಗಿ ಬದುವಿನ ಮೇಲೆ ಕೂತಳು.

“ನಿನಗ ಮೊದಲ ಗೊತ್ತಿತ್ತೇನು?”

ಮಾಮಾ ಡಬ್ಬದ ಮುಚ್ಚಳ ಹಾಕಿದ. “ಬರೂ ಮುಂದ ಹೇಳಿದ್ರು.”

“ಮತ್ತ ಯಾಕ ಸುಮ್ಮ ಕುಂತಿ?”

“ಫೋಟೋ ನನಗೂ ಬೇಕಾಗಿತ್ತು, ಪ್ರಣಿ.”

ಸರ್‌ಗೆ ಹೆದರಿದೆ ಎಂದೋ, ಮರೆತೆ ಎಂದೋ ಅವನು ಹೇಳಿದ್ದರೆ ಅವಳು ಇನ್ನೂ ಜಗಳ ಆಡುತ್ತಿದ್ದಳು. ಈಗ ಎದ್ದು ಡಬ್ಬದ ಹತ್ತಿರ ಬಂದು ಕೂತಳು.

“ಇದನ್ನ ಇಲ್ಲೇ ಬಿಡೂಣೇನು?” ಎಂದಳು ಕೊನೆಗೆ, ಡಬ್ಬ ನೋಡುತ್ತಾ.

“ಪಿಂಜರದಾಗ ಹುಟ್ಟಿದ್ದು ಅದು. ಇಲ್ಲಿ ಬಿಟ್ರ ಉಳಿಯಂಗಿಲ್ಲ.”

“ಹಂಗಾರ ಮನಿಗಿ ಒಯ್ಯೂಣು. ಅಮ್ಮಗ ನೀನ ಹೇಳಬೇಕು.”

“ಹೇಳ್ತೀನಿ.”

ಅಷ್ಟರಲ್ಲಿ ಹದ್ದು ತಿರುಗಿ ಬಂತು. ಗಾಳಿಯಲ್ಲೇ ಒಂದು ಕಡೆ ನಿಂತು ರೆಕ್ಕೆ ಬಡಿಯತೊಡಗಿತು. ಮಾಮಾ ಕ್ಯಾಮೆರಾವನ್ನು ಅವಳ ಮುಂದೆ ಹಿಡಿದ. ಅವಳು ಮುಖ ತಿರುಗಿಸಿದಳು. ಅವನು ಹಾಗೇ ಹಿಡಿದುಕೊಂಡಿದ್ದ. ಆಮೇಲೆ ಅವಳು ತೆಗೆದುಕೊಂಡಳು.

ಲೆನ್ಸಿನಲ್ಲಿ ಹದ್ದು ಎಷ್ಟು ಹತ್ತಿರ! ರೆಕ್ಕೆ ಪಟಪಟ ಅಲ್ಲಾಡುತ್ತಿದ್ದರೂ ತಲೆ ಮಾತ್ರ ಅಲ್ಲಾಡುತ್ತಿರಲಿಲ್ಲ. ಕೆಂಪು ಕಣ್ಣು ಕೆಳಗೇ ನೆಟ್ಟಿತ್ತು. ಥಟ್ಟನೆ ರೆಕ್ಕೆ ಮೇಲೆತ್ತಿ, ಕಾಲು ಚಾಚಿ, ಕಲ್ಲು ಬಿದ್ದಂತೆ ಬಿತ್ತು. ಪ್ರಣಿತಾ ಬಟನ್ ಒತ್ತಿದಳು.

ಕೂಳೆಯ ನಡುವೆ ಕಂದು ಬಣ್ಣದ್ದೊಂದು ಮಿಂಚಿತು. ಹೊಲದ ಇಲಿ! ಅದು ಎಡಕ್ಕೆ ಹೊರಳಿತು, ಬಲಕ್ಕೆ ಹಾರಿತು, ಬದುವಿನ ಬಿಲದೊಳಗೆ ಸರಕ್ಕನೆ ನುಗ್ಗಿತು. ಹದ್ದಿನ ಉಗುರಿಗೆ ಮಣ್ಣು ಸಿಕ್ಕಿತು, ಅಷ್ಟೆ. ಅದು ಒಂದು ಸಲ ಆ ಕಡೆ, ಈ ಕಡೆ ನೋಡಿ, ಖಾಲಿ ಕಾಲಿನಲ್ಲಿ ಮೇಲೆದ್ದಿತು.

“ಬಂತೇನು ಫೋಟೋ?” ಮಾಮಾ ಕೇಳಿದ.

ಪ್ರಣಿತಾ ಕ್ಯಾಮೆರಾ ಇಳಿಸಿದಳು. ಬಿಲದ ಬಾಯಲ್ಲಿ ಸ್ವಲ್ಪ ಮಣ್ಣು ಇನ್ನೂ ಉದುರುತ್ತಿತ್ತು.

“ಮಾಮಾ, ಆ ಇಲಿಗಿ ಓಡ್ಲಕ ಬಂತು,” ಎಂದಳು.

ಮಾಮಾ ತಲೆಯಾಡಿಸಿದ. ಹಸಿದ ಹದ್ದು ಇನ್ನೊಂದು ಹೊಲದ ಮೇಲೆ ಹೋಗಿ ಮತ್ತೆ ಗಾಳಿಯಲ್ಲಿ ನಿಂತಿತು. ಇಬ್ಬರೂ ಅದನ್ನೇ ನೋಡುತ್ತಾ ಕೂತರು.